ಹೊಸ ರೆಫ್ರಿಗೆ ಫೈನಲ್ ಕೊಡಬಹುದೇ?

ಕುಂಬಳೆ ಕಡೆಯ ಒಬ್ಬ ನಿವೃತ್ತ ಪಿ.ಇ.ಟಿ. ಮಾಷ್ಟ್ರು ನಮಗೆ ಉದ್ದದ ಪತ್ರ ಬರೆದಿದ್ದಾರೆ. ಈಗಲೂ ಸಂಜೆ ಹೊತ್ತು ಊರಿನ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವವರು. ಅವರ ಹುಡುಗರು ಈ ಸಲ ಒಂದು ಟೂರ್ನಮೆಂಟಿನ ಫೈನಲ್ ತನಕ ಹೋಗಿ ಒಂದು ಪಾಯಿಂಟಿನಲ್ಲಿ ಸೋತರು. ಕೊನೆಯ ನಿಮಿಷದಲ್ಲಿ ಅವರ ಹುಡುಗ ಬಾಲ್ ಹಿಡಿದು ರಿಂಗಿನ ಕಡೆ ನುಗ್ಗಿದ. ಎದುರು ಬಂದವನಿಗೂ ಅವನಿಗೂ ಡಿಕ್ಕಿಯಾಯಿತು. ಮೂವರು ರೆಫ್ರಿಗಳಲ್ಲಿ ತೀರಾ ಹೊಸಬಳಾದ ಒಬ್ಬಳು ಹುಡುಗಿ ವಿಸಿಲ್ ಊದಿ ಚಾರ್ಜಿಂಗ್ ಕೊಟ್ಟಳು, ಅಂದರೆ ತಪ್ಪು ನುಗ್ಗಿದವನದ್ದೇ ಅಂದಳು, ಬಾಲ್ ಎದುರಿನವರಿಗೆ ಹೋಯಿತು. ಮಾಷ್ಟ್ರು ಕೇಳಿರುವುದು ಮೂರು ಪ್ರಶ್ನೆ. ಫೈನಲ್ ಅಂದರೆ ರೆಫ್ರಿಗಳಿಗೆ ಪಾಠ ಮಾಡುವ ಕ್ಲಾಸಾ? ಹತ್ತಡಿ ದೂರದಲ್ಲೇ ಇದ್ದ ಸೀನಿಯರ್ ರೆಫ್ರಿ ಯಾಕೆ ಸುಮ್ಮನಿದ್ದರು? ನಾವು ಪ್ರೊಟೆಸ್ಟ್ ಕೊಡಬಹುದಿತ್ತಾ?

ಪ್ರಿಯ ಮಾಷ್ಟ್ರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಕ್ಕಳು ಬಸ್ಸಿನಲ್ಲಿ ಒಂದು ಮಾತೂ ಆಡದೆ ಕೂತಿದ್ದರು ಅಂತ ಬರೆದಿದ್ದೀರಲ್ಲ, ಅದನ್ನು ಓದುವಾಗ ಬೇಸರವಾಯಿತು. ಆ ಹುಡುಗರಿಗೆ ಅದೇ ಫೈನಲ್ ಇನ್ನೊಮ್ಮೆ ಬರುವುದಿಲ್ಲ. ಹಾಗಾಗಿ 'ಇದೆಲ್ಲ ಆಟದಲ್ಲಿ ಇದ್ದದ್ದೇ' ಅಂತ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆದರೂ ನನ್ನ ಅಭಿಪ್ರಾಯ ನಿಮ್ಮದಕ್ಕಿಂತ ಬೇರೆ. ಆ ಹುಡುಗಿಯನ್ನು ಫೈನಲಿಗೆ ಹಾಕಿದ್ದು ಸರಿ. ಹಾಕಿದ ರೀತಿಯಲ್ಲಿ ಕೊರತೆ ಇತ್ತು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ವಿಸಿಲ್ ವಿಷಯ. ಅದು ಸರಿಯೋ ತಪ್ಪೋ ಅಂತ ಇಲ್ಲಿ ಕೂತು ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ಆದರೆ ನಿಮ್ಮ ಪತ್ರದಲ್ಲಿ ಒಂದು ವಾಕ್ಯ ಇದೆ: 'ಎದುರಿನ ಹುಡುಗ ನಿಂತೇ ಇರಲಿಲ್ಲ, ಹಿಂದೆ ಸರಿಯುತ್ತಿದ್ದ, ಮತ್ತೆ ಚಾರ್ಜಿಂಗ್ ಹೇಗೆ?' ಇದು ನಮ್ಮ ಕಡೆ ಎಲ್ಲ ಗ್ರೌಂಡಿನಲ್ಲೂ ಕೇಳುವ ಮಾತು. ನಿಯಮ ಹಾಗಿಲ್ಲ. ಡಿಫೆನ್ಸ್ ಮಾಡುವವನು ಮೊದಲು ಎರಡೂ ಕಾಲು ನೆಲಕ್ಕೆ ಊರಿ ಎದುರಾಳಿಗೆ ಮುಖ ಕೊಟ್ಟು ನಿಂತರೆ ಸಾಕು. ಆಮೇಲೆ ಅವನು ಹಿಂದಕ್ಕೆ ಸರಿಯಬಹುದು, ಪಕ್ಕಕ್ಕೂ ಸರಿಯಬಹುದು. ಡಿಕ್ಕಿ ಅವನ ಎದೆಯ ಭಾಗಕ್ಕೆ ಆದರೆ ತಪ್ಪು ನುಗ್ಗಿದವನದ್ದು. ನುಗ್ಗುವವನು ನೆಲ ಬಿಟ್ಟು ಹಾರಿದ ಮೇಲೆ ಡಿಫೆಂಡರ್ ಆ ಜಾಗಕ್ಕೆ ಬಂದು ಸೇರಿದರೆ ಆಗ ತಪ್ಪು ಡಿಫೆಂಡರದ್ದು. ರಿಂಗಿನ ಕೆಳಗೆ 1.25 ಮೀಟರ್ ಅಳತೆಯ ಅರ್ಧ ವೃತ್ತ ಬೇರೆ ಇದೆ, ಹಾರಿ ಬರುವವನಿಗೆ ಅದರೊಳಗೆ ನಿಂತವನು ತಾಗಿದರೆ ಸಾಮಾನ್ಯವಾಗಿ ಚಾರ್ಜಿಂಗ್ ಕೊಡುವ ಹಾಗಿಲ್ಲ. ಕಾಲು ಎಲ್ಲಿತ್ತು, ಎದೆ ಎಲ್ಲಿತ್ತು, ಯಾರು ಮೊದಲು ಬಂದರು, ಹಾರಿದ್ದು ಯಾವಾಗ, ಇಷ್ಟನ್ನೂ ರೆಫ್ರಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೋಡಬೇಕು. ಇಪ್ಪತ್ತು ವರ್ಷ ವಿಸಿಲ್ ಊದಿದವರೂ ಇದರಲ್ಲಿ ಎಡವುತ್ತಾರೆ. ಹೊಸಬಳು ಅನ್ನುವ ಒಂದೇ ಕಾರಣಕ್ಕೆ ಆ ತೀರ್ಪನ್ನು ತಪ್ಪು ಅನ್ನಬಾರದು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ, ಫೈನಲ್ ಕ್ಲಾಸಾ ಅಂತ.

ನೀವೇ ಯೋಚನೆ ಮಾಡಿ ಮಾಷ್ಟ್ರೇ. ಮೂವತ್ತು ಪಾಯಿಂಟಿನಿಂದ ಒಂದು ತಂಡ ಮುಂದಿರುವ ಮ್ಯಾಚಿನಲ್ಲಿ ಕೊನೆಯ ಎರಡು ನಿಮಿಷ ಹೇಗಿರುತ್ತದೆ? ಯಾರಿಗೂ ಯಾವುದೂ ಬೇಡ, ರೆಫ್ರಿಗೂ ಬೇಡ, ಬೇಗ ಮುಗಿದರೆ ಸಾಕು. ಅದೇ ಎರಡು ಪಾಯಿಂಟಿನ ಅಂತರದ ಮ್ಯಾಚಿನಲ್ಲಿ? ನಾಲ್ಕನೇ ಕ್ವಾರ್ಟರಿನ ಕೊನೆಯ ಎರಡು ನಿಮಿಷದಲ್ಲಿ ಬಾಲ್ ಬುಟ್ಟಿಗೆ ಬಿದ್ದಾಗೆಲ್ಲ ಗಡಿಯಾರ ನಿಲ್ಲಬೇಕು. ಅದಕ್ಕೆ ಮೊದಲು ಹಾಗಿರಲಿಲ್ಲ. ಟೀಮ್ ಫೌಲ್ ನಾಲ್ಕು ದಾಟಿರುತ್ತದೆ, ಬಾಲ್ ಕೈಯಲ್ಲಿರುವ ತಂಡದ ಮೇಲೆ ಇನ್ನೊಂದು ಫೌಲ್ ಆದರೆ ಎರಡು ಫ್ರೀ ಥ್ರೋ. ಹಿಂದಿರುವ ತಂಡ ಬೇಕೆಂದೇ ಫೌಲ್ ಮಾಡಲಿಕ್ಕೆ ಶುರು ಮಾಡುತ್ತದೆ, ಅದು ಮಾಮೂಲಿ ಫೌಲೋ, ಹೆಚ್ಚು ಶಿಕ್ಷೆ ಇರುವ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲೋ ಅಂತ ರೆಫ್ರಿ ಆ ಕ್ಷಣವೇ ಹೇಳಬೇಕು. ಕೋಚ್ ಟೈಮೌಟ್ ಕೇಳುತ್ತಾನೆ, ಟೈಮೌಟ್ ಆದ ಮೇಲೆ ಬಾಲನ್ನು ಎಲ್ಲಿಂದ ಒಳಗೆ ಹಾಕುವುದು ಅಂತ ನೋಡಬೇಕು. ಎಸೆದ ಬಾಲ್ ರಿಂಗಿಗೆ ತಾಗಿ ಅದೇ ತಂಡಕ್ಕೆ ಮತ್ತೆ ಸಿಕ್ಕಿದರೆ ಶಾಟ್ ಕ್ಲಾಕ್, ಅಂದರೆ ಎಷ್ಟು ಸೆಕೆಂಡಿನೊಳಗೆ ಬಾಲ್ ಎಸೆಯಬೇಕು ಅಂತ ತೋರಿಸುವ ಗಡಿಯಾರ, 24ಕ್ಕೆ ಹೋಗುವುದಿಲ್ಲ, 14ಕ್ಕೆ ಬರಬೇಕು, ಸ್ಕೋರ್, ಗಡಿಯಾರ ನೋಡಿಕೊಳ್ಳಲು ಟೇಬಲಿನಲ್ಲಿ ಕೂತವರು ಗಡಿಬಿಡಿಯಲ್ಲಿ 24 ಒತ್ತಿದರೆ ಅದನ್ನೂ ರೆಫ್ರಿಯೇ ಹಿಡಿಯಬೇಕು. ಸುತ್ತ ಲೈನಿನ ತನಕ ಜನ ನಿಂತು ಬೊಬ್ಬೆ ಹಾಕುತ್ತಿರುತ್ತಾರೆ. ಇದೆಲ್ಲ ಪುಸ್ತಕದಲ್ಲಿ ಇದೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಬಹುದು. ಆದರೆ ಇಷ್ಟೂ ಒಟ್ಟಿಗೆ ಮೈಮೇಲೆ ಬರುವುದು ಗಟ್ಟಿ ಮ್ಯಾಚಿನಲ್ಲಿ ಮಾತ್ರ. ಹತ್ತು ವರ್ಷ ಸಣ್ಣ ಮ್ಯಾಚ್ ಮಾಡಿದವರಿಗೆ ಸಣ್ಣ ಮ್ಯಾಚಿನ ಅನುಭವ ಇರುತ್ತದೆ, ಅಷ್ಟೇ.

ಯಕ್ಷಗಾನ ನಮ್ಮ ನೆಲದ್ದೇ ಕಲೆ, ನಿಮಗೆ ನಾನು ಹೇಳಬೇಕಾಗಿಲ್ಲ. ಕೋಡಂಗಿ, ಬಾಲಗೋಪಾಲ ಅಂತ ಶುರು ಮಾಡಿದ ಹುಡುಗನನ್ನು ಮೇಳದವರು ಜನ ನೆರೆದ ರಾತ್ರಿಯಲ್ಲೇ ಒಂದು ದಿನ ಪುಂಡುವೇಷಕ್ಕೆ, ಅಂದರೆ ಚುರುಕಿನ ತರುಣ ವೀರನ ಪಾತ್ರಕ್ಕೆ, ನಿಲ್ಲಿಸುತ್ತಾರೆ. ಹಿಂದೆ ಪಳಗಿದ ಭಾಗವತರು ಇರುತ್ತಾರೆ, ಎದುರು ಪಳಗಿದ ವೇಷಧಾರಿ ಇರುತ್ತಾನೆ. ರಂಗಸ್ಥಳದಲ್ಲಿ ಅವನೊಬ್ಬನನ್ನೇ ಬಿಡುವುದಿಲ್ಲ. ನಾನು ಕೇಳುವುದೂ ಅಷ್ಟನ್ನೇ. ಹೊಸಬರನ್ನು ದೊಡ್ಡ ಮ್ಯಾಚಿಗೆ ಹಾಕಿ, ಆದರೆ ಇಬ್ಬರು ಅನುಭವಿಗಳ ನಡುವೆ ಮೂರನೆಯವರಾಗಿ ಹಾಕಿ.

ಮೂರು ರೆಫ್ರಿಗಳ ಪದ್ಧತಿ ಇದಕ್ಕೆ ಬಹಳ ಅನುಕೂಲ. ಒಬ್ಬರು ರಿಂಗಿನ ಹಿಂದಿನ ಲೈನಿನಲ್ಲಿ ನಿಂತು ಒಳಗಿನ ನೂಕಾಟ ನೋಡುತ್ತಾರೆ, ಅವರು ಲೀಡ್. ಒಬ್ಬರು ಹಿಂದೆ, ಅವರು ಟ್ರೇಲ್. ಮೂರನೆಯವರು ಎದುರಿನ ಬದಿಯಲ್ಲಿ ಫ್ರೀ ಥ್ರೋ ಲೈನಿನ ನೇರಕ್ಕೆ, ಅವರು ಸೆಂಟರ್. ಯಾರು ಎಲ್ಲಿ ನೋಡಬೇಕು ಅಂತ ಮೊದಲೇ ಗೊತ್ತಿರುತ್ತದೆ. ಇಬ್ಬರೇ ರೆಫ್ರಿಗಳಿದ್ದರೆ 28 ಮೀಟರ್ ಉದ್ದದ ಕೋರ್ಟಿನಲ್ಲಿ ಹತ್ತು ಆಟಗಾರರನ್ನು ನಾಲ್ಕು ಕಣ್ಣು ನೋಡಬೇಕು, ಅಲ್ಲಿ ಹೊಸಬರನ್ನು ಹಾಕಿದರೆ ಅರ್ಧ ಮ್ಯಾಚೇ ಅವರ ಹೆಗಲ ಮೇಲೆ ಬಿದ್ದ ಹಾಗೆ. ನಿಮ್ಮ ಫೈನಲ್ ಹಾಗೆ ನಡೆದಿದ್ದರೆ ನಾನೂ ನಿಮ್ಮ ಜೊತೆ ಸೇರಿ ಜಗಳ ಮಾಡುತ್ತಿದ್ದೆ. ಕೆಲಸ ಹಂಚಿಕೊಳ್ಳುವುದು ಈ ಆಟಕ್ಕೆ ಹೊಸತೂ ಅಲ್ಲ. 1891ರಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲೇ ಆಟಗಾರರ ಫೌಲ್ ನೋಡಲು ಒಬ್ಬರು, ಬಾಲ್ ಮತ್ತು ಸಮಯ ನೋಡಲು ಇನ್ನೊಬ್ಬರು ಅಂತ ಇತ್ತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯವರು ಮೂರು ರೆಫ್ರಿಗಳನ್ನು 1978-79ರಲ್ಲಿ ಒಂದು ಸೀಸನ್ ಹಾಕಿ ನೋಡಿ ಕೈಬಿಟ್ಟರು, 1988-89ರಿಂದ ಮತ್ತೆ ಶುರು ಮಾಡಿದವರು ಇವತ್ತಿಗೂ ಬಿಟ್ಟಿಲ್ಲ.

ನಮ್ಮ ಕಡೆ ಮೂರನೇ ರೆಫ್ರಿ ಅಂದರೆ ಸಂಘಟಕರಿಗೆ ಮೊದಲು ಕಾಣುವುದು ಖರ್ಚು. ಇನ್ನೊಬ್ಬರ ಭತ್ಯೆ, ಇನ್ನೊಬ್ಬರ ಊಟ, ಬಸ್ಸಿನ ದುಡ್ಡು. ಟ್ರೋಫಿಯ ಎತ್ತರ ಅರ್ಧ ಅಡಿ ಕಮ್ಮಿ ಮಾಡಿದರೆ ಅದು ಹುಟ್ಟುತ್ತದೆ ಅಂತ ನಾನು ಸಂಘಟಕರ ಮುಖಕ್ಕೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಎರಡನೇ ಪ್ರಶ್ನೆ, ಸೀನಿಯರ್ ಯಾಕೆ ಸುಮ್ಮನಿದ್ದರು? ಸುಮ್ಮನಿರಬೇಕಾದ್ದರಿಂದ ಸುಮ್ಮನಿದ್ದರು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮದಲ್ಲಿ ಸ್ಪಷ್ಟವಾಗಿದೆ, ಒಬ್ಬ ರೆಫ್ರಿ ತನ್ನ ಕೆಲಸದ ಮಿತಿಯಲ್ಲಿ ಕೊಟ್ಟ ತೀರ್ಪನ್ನು ಇನ್ನೊಬ್ಬ ರೆಫ್ರಿ ತಳ್ಳಿಹಾಕುವ ಹಾಗಿಲ್ಲ, ಪ್ರಶ್ನಿಸುವ ಹಾಗೂ ಇಲ್ಲ. ಕ್ರೂ ಚೀಫ್‌ಗೆ, ಅಂದರೆ ಮುಖ್ಯ ರೆಫ್ರಿಗೆ, ಕೆಲವು ಕಡೆ ಕೊನೆಯ ಮಾತು ಇದೆ, ರೆಫ್ರಿಗಳ ನಡುವೆ ಒಮ್ಮತ ಬಾರದಿದ್ದಾಗ, ಸಮಯ ಮುಗಿಯುವ ಹೊತ್ತಿಗೆ ಎಸೆದ ಬಾಲ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವಾಗ, ಹೀಗೆ. ಆದರೆ ಅವಳ ಕಣ್ಣೆದುರು, ಅವಳ ಜಾಗದಲ್ಲಿ ಆದ ಡಿಕ್ಕಿಗೆ ಅವಳು ಕೊಟ್ಟ ಫೌಲನ್ನು ಸೀನಿಯರ್ ಓಡಿ ಬಂದು ಅಳಿಸಿದ್ದರೆ ಆಮೇಲೆ ಆ ಮ್ಯಾಚಿನಲ್ಲಿ ಅವಳ ವಿಸಿಲಿಗೆ ಬೆಲೆ ಇರುತ್ತಿತ್ತಾ? ಎರಡೂ ಬೆಂಚಿನವರು ಪ್ರತಿ ಸಲ ಸೀನಿಯರ್ ಮುಖ ನೋಡಲಿಕ್ಕೆ ಶುರು ಮಾಡುತ್ತಿದ್ದರು. ಅವಳಿಗೆ ಕಾಣದ್ದು ಸೀನಿಯರಿಗೆ ಖಂಡಿತ ಕಂಡಿದ್ದರೆ, ಉದಾಹರಣೆಗೆ ಬಾಲ್ ಯಾರ ಕೈ ತಾಗಿ ಹೊರಗೆ ಹೋಯಿತು, ಕಾಲು ಲೈನಿನ ಮೇಲಿತ್ತಾ, ಗಡಿಯಾರ ಅದಕ್ಕೆ ಮೊದಲೇ ಮುಗಿದಿತ್ತಾ, ಅಂಥದ್ದಕ್ಕೆ ಹತ್ತಿರ ಹೋಗಿ ಹೇಳಬೇಕು. ಆಗ ತೀರ್ಪು ಬದಲಾಯಿಸುವವಳು ಅವಳೇ. ಒಳ್ಳೆಯ ಸೀನಿಯರ್‌ಗೆ ಇದು ಗೊತ್ತು. ಕೆಲವು ಸೀನಿಯರ್‌ಗಳು ಹೊಸಬರನ್ನು ಮೂಲೆಯಲ್ಲಿ ನಿಲ್ಲಿಸಿ, ಎಲ್ಲ ವಿಸಿಲನ್ನೂ ತಾವೇ ಊದಿ, ಕೊನೆಗೆ 'ಅನುಭವ ಆಯಿತಲ್ಲ' ಅಂತ ಬೆನ್ನು ತಟ್ಟುತ್ತಾರೆ. ಅದರಿಂದ ಎಂತ ಅನುಭವ ಬರುತ್ತದೆ? ನಿಮ್ಮ ಫೈನಲಿನ ಸೀನಿಯರ್ ಹಾಗೆ ಮಾಡಲಿಲ್ಲ ಅನ್ನುವುದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಅವರ ಬಗ್ಗೆ ನನಗೆ ಗೌರವ ಜಾಸ್ತಿಯಾಯಿತು.

ಅನುಭವಿಗಳನ್ನೇ ಹಾಕಿದರೆ ಗೊಂದಲವೇ ಇಲ್ಲ ಅಂತಲೂ ಬರೆದಿದ್ದೀರಿ. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ನೆನಪು ಮಾಡಿಕೊಳ್ಳಿ. ಅಮೆರಿಕ 50, ಸೋವಿಯತ್ 49, ಮೂರು ಸೆಕೆಂಡ್ ಬಾಕಿ. ಕೋರ್ಟಿನಲ್ಲಿದ್ದವರು ಬ್ರೆಜಿಲಿನ ರೆನಾಟೊ ರಿಘೆಟ್ಟೊ ಮತ್ತು ಬಲ್ಗೇರಿಯಾದ ಅರ್ಟೆನಿಕ್ ಅರಬಜಿಯಾನ್, ಇಬ್ಬರೂ ಅಂತರರಾಷ್ಟ್ರೀಯ ರೆಫ್ರಿಗಳು. ಗೊಂದಲ ಹುಟ್ಟಿದ್ದು ಸೋವಿಯತ್ ತಂಡ ಕೇಳಿದ ಟೈಮೌಟಿನಿಂದ, ಬೆಳೆದದ್ದು ಟೇಬಲಿನ ಗಡಿಯಾರದಿಂದ. ಫಿಬಾದ ಕಾರ್ಯದರ್ಶಿ ವಿಲಿಯಂ ಜೋನ್ಸ್ ಮಧ್ಯೆ ಬಂದು ಮೂರು ಸೆಕೆಂಡ್ ವಾಪಸ್ ಇಡಿಸಿದರು. ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿ ಕೊನೆಗೆ 51-50ರಲ್ಲಿ ಸೋವಿಯತ್ ಗೆದ್ದಿತು. ರಿಘೆಟ್ಟೊ ಸ್ಕೋರ್ ಶೀಟಿಗೆ ಸಹಿ ಹಾಕಲಿಲ್ಲ. ಅಮೆರಿಕದ ಆಟಗಾರರು ಇವತ್ತಿಗೂ ಆ ಬೆಳ್ಳಿ ಪದಕ ತೆಗೆದುಕೊಂಡಿಲ್ಲ. ಅಲ್ಲಿ ಕೈಕೊಟ್ಟದ್ದು ಟೇಬಲ್ ಮತ್ತು ರೆಫ್ರಿಗಳ ನಡುವಿನ ಹೊಂದಾಣಿಕೆ. ಅದಕ್ಕೇ ನಾನು ಹೇಳುವುದು, ರೆಫ್ರಿ ಆಗಬೇಕು ಅನ್ನುವವರನ್ನು ಮೊದಲು ದೊಡ್ಡ ಮ್ಯಾಚಿನ ಟೇಬಲಿನಲ್ಲಿ ಕೂರಿಸಬೇಕು. ಸ್ಕೋರ್ ಶೀಟ್ ಬರೆಯಲಿ, ಗಡಿಯಾರ ಹಿಡಿಯಲಿ, ಶಾಟ್ ಕ್ಲಾಕ್ ನೋಡಲಿ. ಸೆಮಿಫೈನಲಿನಲ್ಲಿ ಶಾಟ್ ಕ್ಲಾಕ್ ಹಿಡಿದವರಿಗೆ ಕೋರ್ಟಿಗೆ ಇಳಿದ ಮೇಲೆ ಟೇಬಲಿನ ಕಷ್ಟ ಏನು ಅಂತ ಗೊತ್ತಿರುತ್ತದೆ. ನಮ್ಮಲ್ಲಿ ಟೇಬಲಿನ ಕೆಲಸವನ್ನು ಕೈಗೆ ಸಿಕ್ಕ ಕಾಲೇಜು ಹುಡುಗರಿಗೆ ಕೊಟ್ಟುಬಿಡುತ್ತಾರೆ, ಅದು ನಿಲ್ಲಬೇಕು.

ಕಾಸರಗೋಡಿಗೆ ಈ ವಿಷಯ ಬೇರೆ ಜಿಲ್ಲೆಗಳಿಗಿಂತ ಜಾಸ್ತಿ ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಕೇರಳದ ಬಾಸ್ಕೆಟ್‌ಬಾಲ್ ಗಟ್ಟಿ ಇರುವುದು ಕೋಟ್ಟಯಂ, ತ್ರಿಶ್ಶೂರು, ಎರ್ನಾಕುಳಂ ಕಡೆ. ನಾವು ಇರುವುದು ರಾಜ್ಯದ ಈ ತುದಿಯಲ್ಲಿ. ಮಂಜೇಶ್ವರದ ಹುಡುಗನೊಬ್ಬ ರೆಫ್ರಿ ಆಗಬೇಕಾದರೆ ರಾತ್ರಿ ರೈಲು ಹತ್ತಿ ಹೋಗಬೇಕು. ಕನ್ನಡ ಮೀಡಿಯಂನಲ್ಲಿ ಓದಿದವನು ಇಂಗ್ಲಿಷ್ ನಿಯಮ ಪುಸ್ತಕ ಓದಿ, ಮಲಯಾಳಂನಲ್ಲಿ ಪಾಠ ಕೇಳಬೇಕು. ಇಲ್ಲಿನ ಒಳ್ಳೊಳ್ಳೆಯ ಆಟಗಾರರು ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬಿಡುತ್ತಾರೆ. ಮಳೆಗಾಲ ಬಂದರೆ ಸಿಮೆಂಟ್ ಕೋರ್ಟಿನಲ್ಲಿ ಆಟವೇ ಇಲ್ಲ. ಉಳಿದ ತಿಂಗಳುಗಳಲ್ಲಿ ನಮ್ಮಲ್ಲಿ ನಡೆಯುವ ಗಟ್ಟಿ ಮ್ಯಾಚ್ ಎಷ್ಟು? ಅಷ್ಟಕ್ಕೂ ದೂರದಿಂದ ಬರುವ ಅದೇ ಮೂವರು ಸೀನಿಯರ್‌ಗಳು ನಿಂತರೆ ಇಲ್ಲಿನವರು ಕಲಿಯುವುದು ಎಲ್ಲಿ? ಅವರು ವಯಸ್ಸಾಗಿ ನಿಂತ ಮೇಲೆ ನಿಮ್ಮ ಮೊಮ್ಮಕ್ಕಳ ಫೈನಲಿಗೆ ವಿಸಿಲ್ ಊದುವವರು ಯಾರು?

ನಮ್ಮ ಊರಿನ ಗದ್ದಲವೂ ಸಣ್ಣದಲ್ಲ ನೋಡಿ. ತುಳುವಿನಲ್ಲಿ ಒಬ್ಬ, ಮಲಯಾಳಂನಲ್ಲಿ ಒಬ್ಬ, ಬ್ಯಾರಿಯಲ್ಲಿ ಇನ್ನೊಬ್ಬ, ಕನ್ನಡದಲ್ಲಿ ನಾವು, ಎಲ್ಲರೂ ರೆಫ್ರಿಗೇ ಹೇಳುವವರು. ಅದರ ನಡುವೆ ಅವಳು ಟೇಬಲಿನ ಎದುರು ಬಂದು ಆಟಗಾರನ ನಂಬರನ್ನು ಬೆರಳಿನಲ್ಲಿ ತೋರಿಸಿ, ಯಾವ ಫೌಲ್ ಅಂತ ತೋರಿಸಿ, ಬಾಲ್ ಯಾವ ಕಡೆ ಅಂತ ಕೈಯಲ್ಲೇ ಹೇಳಬೇಕು. ಕೈ ನಡುಗದೆ ಅದನ್ನು ಮಾಡಿದಳು ಅಂತ ನೀವೇ ಬರೆದಿದ್ದೀರಿ. ಕೋಪದಲ್ಲೂ ಅದನ್ನು ಬಿಡದೆ ಬರೆದಿರಲ್ಲ, ನನಗೆ ತುಂಬ ಇಷ್ಟವಾಯಿತು.

ಈಗ ಕೊರತೆಯ ಮಾತು. ಅವಳು ಆ ಟೂರ್ನಮೆಂಟಿನಲ್ಲಿ ಅದಕ್ಕೆ ಮೊದಲು ಲೀಗ್ ಹಂತದ ಒಂದೇ ಮ್ಯಾಚ್ ಮಾಡಿದ್ದಳು ಅಂತ ನಿಮ್ಮ ಪತ್ರ ಹೇಳುತ್ತದೆ. ಹಾಗಿದ್ದರೆ ಅದು ಅವಸರ. ಲೀಗಿನಲ್ಲಿ ಎರಡು ಮೂರು ಮ್ಯಾಚ್ ಕೊಟ್ಟು, ಕ್ವಾರ್ಟರ್ ಫೈನಲಿನಲ್ಲಿ ಒಂದು ನೋಡಿ, ಆ ಟೂರ್ನಮೆಂಟಿನಲ್ಲಿ ಚೆನ್ನಾಗಿ ಮಾಡಿದ ಹೊಸಬರನ್ನು ಫೈನಲಿಗೆ ಆರಿಸಬೇಕಿತ್ತು. ಎನ್‌ಬಿಎಯಲ್ಲಿ ವಯೊಲೆಟ್ ಪಾಮರ್ 1997ರಲ್ಲೇ ರೆಫ್ರಿಯಾದರು, ಪ್ಲೇಆಫ್, ಅಂದರೆ ಲೀಗ್ ಮುಗಿದ ಮೇಲಿನ ಹಂತದ ಮ್ಯಾಚ್ ಸಿಕ್ಕಿದ್ದು 2006ರಲ್ಲಿ. ಅಷ್ಟು ಕಾಯಿಸಬೇಕು ಅಂತ ನಾನು ಹೇಳುವುದಿಲ್ಲ, ಅವರಿಗೆ ವರ್ಷಕ್ಕೆ ಸಿಗುವಷ್ಟು ಮ್ಯಾಚ್ ನಮ್ಮಲ್ಲಿ ಇಲ್ಲವೇ ಇಲ್ಲ. ಆದರೆ ನಡುವೆ ಮೆಟ್ಟಿಲು ಇರಬೇಕು. ಯಾರದೋ ಶಿಫಾರಸಿನಿಂದ ಫೈನಲ್ ಸಿಕ್ಕಿದರೆ ಅದು ಆ ಹೊಸಬರಿಗೇ ಮಾಡುವ ಅನ್ಯಾಯ, ಯಾಕೆಂದರೆ ಒಂದು ಸಲ ಕೆಟ್ಟ ಹೆಸರು ಬಂದರೆ ಸಣ್ಣ ಜಿಲ್ಲೆಯಲ್ಲಿ ಅದು ಹೋಗುವುದಿಲ್ಲ.

ಇನ್ನೊಂದು, ಅವಳ ಕೆಲಸವನ್ನು ನೋಡಿ ಬರೆದುಕೊಳ್ಳಲು ಮೇಲೆ ಯಾರೂ ಕೂತಿರಲಿಲ್ಲ. ಇದು ದೊಡ್ಡ ತಪ್ಪು. ಅನುಭವ ಕೊಡುತ್ತೇವೆ ಅಂತ ಕೋರ್ಟಿಗೆ ಇಳಿಸಿ, ಮುಗಿದ ಮೇಲೆ ಕೈಕುಲುಕಿ ಕಳಿಸಿದರೆ ಅವಳು ಕಲಿತದ್ದು ಎಂತ? ಸ್ಟ್ಯಾಂಡಿನಲ್ಲಿ ಒಂದು ಫೋನ್ ನಿಲ್ಲಿಸಿ ಇಡೀ ಮ್ಯಾಚ್ ರೆಕಾರ್ಡ್ ಮಾಡಿ, ಮರುದಿನ ಮೂವರೂ ರೆಫ್ರಿಗಳು ಕೂತು ಕೊನೆಯ ಕ್ವಾರ್ಟರನ್ನು ನೋಡಲಿಕ್ಕೆ ಹೆಚ್ಚು ಖರ್ಚಿಲ್ಲ. ಎನ್‌ಬಿಎಯವರು 2015ರಿಂದ ಹತ್ತಿರದ ಮ್ಯಾಚುಗಳ ಕೊನೆಯ ಎರಡು ನಿಮಿಷದ ತೀರ್ಪುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ತಾವೇ ಪ್ರಕಟಿಸುತ್ತಾರೆ. ನಮ್ಮಲ್ಲಿ ಪ್ರಕಟಿಸುವುದು ಬೇಡ, ಕೂತು ನೋಡಿದರೆ ಸಾಕು. ಆ ಚಾರ್ಜಿಂಗ್ ಕ್ಲಿಪ್ ಈಗ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆಯಂತೆ, ಕೆಳಗೆ ಬಾಯಿಗೆ ಬಂದದ್ದೆಲ್ಲ ಬರೆದಿದ್ದಾರಂತೆ. ನಿಮ್ಮ ಕೈಯಲ್ಲಿ ಆಗುವಷ್ಟು ಅದನ್ನು ನಿಲ್ಲಿಸಿ ಮಾಷ್ಟ್ರೇ. ನಿಮ್ಮ ಮಾತನ್ನು ಆ ಹುಡುಗರು ಕೇಳುತ್ತಾರೆ. ಲೈಸೆನ್ಸ್ ತೆಗೆದುಕೊಂಡ ಮಕ್ಕಳು ಎರಡನೇ ವರ್ಷಕ್ಕೇ ವಿಸಿಲ್ ಬಿಡುವುದು ಇಂಥದ್ದರಿಂದಲೇ.

ನಿಮ್ಮ ಪತ್ರದ ಒಂದು ಸಲಹೆಗೆ ಮಾತ್ರ ನಾನು ಗಟ್ಟಿಯಾಗಿ ಇಲ್ಲ ಅನ್ನುತ್ತೇನೆ. 'ಬೇಕಿದ್ದರೆ ಹೊಸಬರನ್ನು ಹುಡುಗಿಯರ ಫೈನಲಿಗೆ ಹಾಕಿ ಕಲಿಸಲಿ' ಅಂತ ಬರೆದಿದ್ದೀರಿ. ಹುಡುಗಿಯರ ಫೈನಲ್ ಫೈನಲ್ ಅಲ್ವಾ? ಅವರ ಒಂದು ಪಾಯಿಂಟ್ ಒಂದು ಪಾಯಿಂಟ್ ಅಲ್ವಾ? ಭಾರತ ತಂಡದ ಕ್ಯಾಪ್ಟನ್ ಆಗಿದ್ದ ಗೀತು ಅನ್ನಾ ಜೋಸ್ ಹುಟ್ಟಿ ಬೆಳೆದ ರಾಜ್ಯ ಇದು, ದೇಶದ ಮಹಿಳಾ ಬಾಸ್ಕೆಟ್‌ಬಾಲಿನಲ್ಲಿ ಕೇರಳದ ಹೆಸರು ಎಷ್ಟು ದೊಡ್ಡದು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹುಡುಗರ ಮ್ಯಾಚಿಗೆ ಸೀನಿಯರ್, ಹುಡುಗಿಯರ ಮ್ಯಾಚಿಗೆ ಕಲಿಯುವವರು ಅನ್ನುವ ಪದ್ಧತಿ ಬಹಳ ಕಡೆ ನಡೆಯುತ್ತಿದೆ. ಅದು ತಪ್ಪು. ಎರಡೂ ಫೈನಲಿಗೆ ಇಬ್ಬರು ಅನುಭವಿಗಳು ಮತ್ತು ಒಬ್ಬರು ಹೊಸಬರು ಇರಲಿ, ಒಂದೇ ಅಳತೆ.

ಕೊನೆಗೆ ಪ್ರೊಟೆಸ್ಟ್. ಕೊಟ್ಟಿದ್ದರೂ ನಿಲ್ಲುತ್ತಿರಲಿಲ್ಲ. ಸ್ಕೋರ್ ಬರೆದದ್ದರಲ್ಲಿ, ಗಡಿಯಾರದಲ್ಲಿ, ಶಾಟ್ ಕ್ಲಾಕಿನಲ್ಲಿ ತಪ್ಪಾಗಿ ರೆಫ್ರಿಗಳು ಅದನ್ನು ಸರಿ ಮಾಡದೆ ಇದ್ದರೆ, ಆಡಲಿಕ್ಕೆ ಅರ್ಹತೆ ಇಲ್ಲದವರು ಆಡಿದ್ದರೆ, ಅಂಥದ್ದಕ್ಕೆ ಪ್ರೊಟೆಸ್ಟ್ ಇದೆ. ಆಗಲೂ ಮ್ಯಾಚ್ ಮುಗಿದು 15 ನಿಮಿಷದೊಳಗೆ ಕ್ಯಾಪ್ಟನ್ ಕ್ರೂ ಚೀಫ್‌ಗೆ ತಿಳಿಸಿ ಸ್ಕೋರ್ ಶೀಟಿನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸಹಿ ಹಾಕಬೇಕು. ಚಾರ್ಜಿಂಗೋ ಬ್ಲಾಕಿಂಗೋ, ಅಂದರೆ ತಪ್ಪು ನುಗ್ಗಿದವನದ್ದೋ ಅಡ್ಡ ಬಂದವನದ್ದೋ ಅನ್ನುವುದು ರೆಫ್ರಿಯ ತೀರ್ಮಾನ, ಅದರ ಮೇಲೆ ಪ್ರೊಟೆಸ್ಟ್ ಬರುವುದಿಲ್ಲ. ಇದನ್ನು ನಿಮ್ಮ ಕ್ಯಾಪ್ಟನ್ ಹುಡುಗನಿಗೆ ಹೇಳಿಕೊಟ್ಟಿರಿ, ಮುಂದೆ ಬೇಕಾಗುತ್ತದೆ.

ಅದರ ಬದಲು ಸಂಘಟಕರಿಗೆ ಒಂದು ಪತ್ರ ಬರೆಯಿರಿ. ನಾಕೌಟ್ ಮ್ಯಾಚುಗಳಿಗೆ ಮೂವರು ರೆಫ್ರಿಗಳು, ಅವರಲ್ಲಿ ಒಬ್ಬರು ಜಿಲ್ಲೆಯ ಹೊಸಬರು ಅಂತ ಮುಂದಿನ ಸಲ ತಂಡಗಳಿಗೆ ಮೊದಲೇ ತಿಳಿಸಬೇಕು ಅಂತ ಕೇಳಿ. ಆ ಹೊಸಬರ ಕೆಲಸ ನೋಡಿ ಬರೆಯಲು ಒಬ್ಬರನ್ನು ಕೂರಿಸಬೇಕು ಅಂತಲೂ ಕೇಳಿ, ನಿಮ್ಮ ತಂಡ ಆಡದ ಮ್ಯಾಚುಗಳಿಗೆ ಆ ಕೆಲಸಕ್ಕೆ ನೀವೇ ಬರುತ್ತೇನೆ ಅಂತ ಬರೆದರೆ ಇನ್ನೂ ಒಳ್ಳೆಯದು. ಪತ್ರದ ಒಂದು ಪ್ರತಿ ನಮಗೂ ಕಳಿಸಿ. ಅವರ ಉತ್ತರ ಬಂದರೆ ಎರಡನ್ನೂ ಒಟ್ಟಿಗೆ ಪ್ರಕಟಿಸುತ್ತೇವೆ.

- ಸಂಪಾದಕ